ಕೂಲಿಯ ಲೆಕ್ಕಕ್ಕೆ ಸಿಗದ ಹೊತ್ತು

ಕ್ರೈಸ್ತರ ಭಾನುವಾರದ ಆರಾಧನೆಗೆ ದೇವಾಲಯ ಬೇಕು, ಗುರುಗಳೋ ಸಭಾಪಾಲಕರೋ ಬೇಕು, ಕೂಡಿದ ಸಭೆ ಬೇಕು. ಉಳಿದ ಆರು ದಿನಗಳ ಪ್ರಾರ್ಥನೆಗೆ ನಡುಮನೆಯಲ್ಲಿ ಒಂದು ಚಾಪೆಯಷ್ಟು ಜಾಗ ಸಾಕು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಈ ಚಾಪೆಯ ಮಹತ್ವ ಇನ್ನೂ ಹೆಚ್ಚು. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.87, ಅವರಲ್ಲಿ ಬಹುಪಾಲು ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಚಿತ್ರದುರ್ಗ ಜಿಲ್ಲೆಯ ಈ ಬಯಲಿನಲ್ಲಿ ಅವರ ಮನೆಗಳು ವಿರಳ. ಇಲ್ಲಿನ ಕಥೋಲಿಕರು 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. ಧರ್ಮಾಧ್ಯಕ್ಷರ ಪೀಠ ಇರುವುದು ದಾವಣಗೆರೆಯನ್ನೂ ದಾಟಿ ಮಲೆನಾಡಿನ ಅಂಚಿನಲ್ಲಿ. ಇಷ್ಟು ಚದುರಿದ ಸಮುದಾಯದಲ್ಲಿ ನಂಬಿಕೆ ವಾರವಿಡೀ ಉಳಿಯುವುದು ಮನೆಯ ಪ್ರಾರ್ಥನೆಯಿಂದಲೇ.

ಆ ಪ್ರಾರ್ಥನೆಯ ಕನ್ನಡ ಬಂದದ್ದು ದೂರದಿಂದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರೂ ಅವರ ಜೊತೆಗಾರರೂ ಎರಡು ದಶಕ ದುಡಿದ ಮೇಲೆ, 1831ರಲ್ಲಿ, ಇಡೀ ಸತ್ಯವೇದ ಕನ್ನಡದಲ್ಲಿ ಸಿಕ್ಕಿತು. ಮೊಳಕಾಲ್ಮುರಿನ ಮಗ್ಗುಲಲ್ಲೇ ಇರುವ ಬಳ್ಳಾರಿಯಲ್ಲಿ ನಡೆದ ಈ ಕೆಲಸದಿಂದ ಕೀರ್ತನೆಗಳ 150 ಅಧ್ಯಾಯಗಳು ಕನ್ನಡದ ಬಾಯಿಗೆ ಬಂದವು. ಅನುವಾದಗಳು ಆಮೇಲೆ ಹಲವು ಸಲ ಪರಿಷ್ಕಾರಗೊಂಡಿವೆ. ಮನೆಪ್ರಾರ್ಥನೆಯಲ್ಲಿ ಕೀರ್ತನೆ ಓದುವ ರೂಢಿ ತಪ್ಪಿಲ್ಲ.

ಹೊತ್ತು ಗೊತ್ತುಮಾಡಿಕೊಂಡು ಪ್ರಾರ್ಥಿಸುವುದು ಕ್ರೈಸ್ತಧರ್ಮಕ್ಕಿಂತ ಹಳೆಯದು. ದಾನಿಯೇಲನು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದನೆಂದು ಹಳೆಯ ಒಡಂಬಡಿಕೆ ಹೇಳುತ್ತದೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ ಸಂಗತಿ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿದೆ. ಆದಿಸಭೆಯ 'ದಿದಾಖೆ' ಎಂಬ ಪುಟ್ಟ ಗ್ರಂಥ, ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆಂದು ವಿಧಿಸಿತು. ಇಂದು ಕಥೋಲಿಕ ಮನೆಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ತ್ರಿಕಾಲ ಪ್ರಾರ್ಥನೆಯೂ ದೀಪ ಹಚ್ಚಿದ ಮೇಲಿನ ಜಪಸರವೂ ರೂಢಿ. ಪ್ರಾಟೆಸ್ಟಂಟ್ ಮನೆಗಳಲ್ಲಿ ಒಂದು ಗೀತೆ, ಒಂದು ಅಧ್ಯಾಯ, ಆಮೇಲೆ ಮನೆಯ ಹಿರಿಯರು ಸ್ವಂತ ಮಾತಿನಲ್ಲಿ ಮಾಡುವ ಪ್ರಾರ್ಥನೆ. ಪೆಂತೆಕೊಸ್ತ ಸಭೆಗಳವರು ಇದಕ್ಕೆ ಉಪವಾಸ ಪ್ರಾರ್ಥನೆಯನ್ನೂ ಸೇರಿಸಿಕೊಳ್ಳುತ್ತಾರೆ. ಗಡಿಯ ಊರುಗಳಾದ್ದರಿಂದ ಕನ್ನಡದ ಜೊತೆಗೆ ತೆಲುಗಿನ ಹಾಡೂ ನಡೆಯುತ್ತದೆ.

ದಣಿದವರಿಗೆ ಮಾತು ಹೊಳೆಯುವುದಿಲ್ಲ. ಸಿದ್ಧ ಪ್ರಾರ್ಥನೆಗಳ ಮೊದಲ ಉಪಕಾರ ಇಲ್ಲೇ ಇದೆ. ಶೇಂಗಾ ಕಿತ್ತು, ಮೂಟೆ ಹೊತ್ತು, ಎಣ್ಣೆ ಮಿಲ್ಲಿನಲ್ಲಿ ಪಾಳಿ ಮುಗಿಸಿ ಬಂದವರು ದೇವರೆದುರು ಹೊಸ ವಾಕ್ಯ ಕಟ್ಟಬೇಕಾಗಿಲ್ಲ. ಯೇಸು ಕಲಿಸಿದ ಪ್ರಾರ್ಥನೆ ಅರ್ಧ ನಿಮಿಷದ್ದು. ಅದರ ಮೊದಲ ಅರ್ಧದಲ್ಲಿ ಕೇಳುವವನ ಕಷ್ಟದ ಸುದ್ದಿಯೇ ಇಲ್ಲ. ದೇವರ ನಾಮ, ರಾಜ್ಯ, ಚಿತ್ತದ ಮಾತಾದ ಮೇಲೆ ರೊಟ್ಟಿಯ ಸರದಿ. ಅದೂ ಆ ದಿನದ ರೊಟ್ಟಿ ಮಾತ್ರ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಇಲ್ಲಿ, ಮುಂದಿನ ಮುಂಗಾರು, ಬೀಜದ ಸಾಲ, ಕೊಳವೆಬಾವಿಯ ಆಳ ಎಲ್ಲವನ್ನೂ ಒಂದೇ ರಾತ್ರಿ ಹೊತ್ತು ಮಲಗುವವರಿಗೆ ಈ 'ಮಾತ್ರ' ದೊಡ್ಡದು. ಚಿಂತೆಯನ್ನು ಒಂದು ದಿನದ ಅಳತೆಗೆ ಕತ್ತರಿಸುವುದೇ ಈ ಪ್ರಾರ್ಥನೆಯ ಕಸುಬು.

ಮನಸ್ಸು ಅಲೆದಾಡುವುದಕ್ಕೂ ಹಳೆಯ ಸಲಹೆಗಳಿವೆ. ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೀಟರನಿಗಾಗಿ ಪ್ರಾರ್ಥನೆಯ ಸರಳ ವಿಧಾನವನ್ನು ಬರೆದುಕೊಟ್ಟ. ಒಳ್ಳೆಯ ಕ್ಷೌರಿಕನ ಗಮನ ಕತ್ತಿಯ ಮೇಲಿರುವಂತೆ ಪ್ರಾರ್ಥಿಸುವವನ ಗಮನ ಪ್ರಾರ್ಥನೆಯ ಮೇಲಿರಬೇಕು ಎಂಬುದು ಅವನ ಮಾತಿನ ಸಾರ. ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾಳಿ ಓಡುವಾಗ ಕಣ್ಣು ಬೇರೆಡೆ ಹೋದರೆ ಏನಾಗುತ್ತದೆಂದು ಮಗ್ಗದ ಮನೆಯ ಮಕ್ಕಳಿಗೂ ಗೊತ್ತು.

ಜಪದಿಂದ ದೇಹಕ್ಕೆ ಸಿಗುವ ವಿಶ್ರಾಂತಿಯನ್ನು ವಿಜ್ಞಾನಿಗಳೂ ಅಳೆದಿದ್ದಾರೆ. ಇಟಲಿಯ ಲುಚಾನೊ ಬೆರ್ನಾರ್ದಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಲ್ಯಾಟಿನ್ನಿನ ಜಪಸರವನ್ನಾಗಲಿ ಬೌದ್ಧರ ಮಂತ್ರವನ್ನಾಗಲಿ ಹೇಳುವಾಗ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುತ್ತದೆ. ಹೃದಯದ ಲಯವೂ ಅದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಸಭೆ ಬೋಧಿಸುವ ವಿಶ್ರಾಂತಿ ಉಸಿರಿಗೆ ಮುಗಿಯುವುದಿಲ್ಲ. ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಯೇಸು ಹೊರೆ ಹೊತ್ತವರನ್ನು ಕರೆದು ವಿಶ್ರಾಂತಿಯ ಭರವಸೆ ಕೊಡುತ್ತಾನೆ. ಆ ಉಸಿರಿನಲ್ಲೇ ತನ್ನ ನೊಗವನ್ನು ಹೊರಲು ಹೇಳುತ್ತಾನೆ. ಎತ್ತು ಕಟ್ಟಿ ಬಲ್ಲ ಸೀಮೆಗೆ ಇದರ ಅರ್ಥ ಸ್ಪಷ್ಟ. ನೊಗ ಇದ್ದಲ್ಲಿ ಕೆಲಸ ಇದ್ದೇ ಇದೆ. ಜೋಡಿ ಒಳ್ಳೆಯದಾದರೆ ಹೆಗಲಿಗೆ ಹಗುರ.

ಎಲೀಯನ ಕಥೆ ಇದರ ಇನ್ನೊಂದು ಮುಖ. ಬೆದರಿ ಅಡವಿಗೆ ಓಡಿದ ಪ್ರವಾದಿ ಕುರುಚಲು ಗಿಡವೊಂದರ ಕೆಳಗೆ ಕುಳಿತು ತನಗೆ ಸಾವು ಬರಲೆಂದು ಬೇಡುತ್ತಾನೆ. ಅವನಿಗೆ ಮೊದಲು ಸಿಗುವುದು ಉಪದೇಶವಲ್ಲ. ನಿದ್ದೆ, ಬಿಸಿ ರೊಟ್ಟಿ, ನೀರು, ಮತ್ತೆ ನಿದ್ದೆ. ಅದಾದ ಮೇಲೆ ನಲವತ್ತು ದಿನದ ನಡಿಗೆಗೆ ಬಲ ಬರುತ್ತದೆ. ಪ್ರಾರ್ಥನೆಯನ್ನು ಊಟಕ್ಕೆ, ನಿದ್ದೆಗೆ, ಔಷಧಕ್ಕೆ ಬದಲಿಯಾಗಿ ಇಡುವವರಿಗೆ ಸತ್ಯವೇದದ ಒಳಗಿನ ಉತ್ತರವೇ ಇದು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತು ಈ ಸೀಮೆಯ ಎಲ್ಲ ಧರ್ಮದವರ ಬಾಯಲ್ಲೂ ಇದೆ. ದುಡಿಮೆಯ ಮಟ್ಟಿಗೆ ಅದು ನ್ಯಾಯದ ಮಾತು: ಸೀರೆಗೆ ಇಷ್ಟೆಂದು ಮಜೂರಿ, ಮೂಟೆಗೆ ಇಷ್ಟೆಂದು ಕೂಲಿ. ಕ್ರೈಸ್ತ ಬೋಧನೆ ದೇವರ ಕೃಪೆಯನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡುತ್ತದೆ. ಹೆಚ್ಚು ಮಾತಾಡಿದವರ ಮೊರೆಯೇ ಹೆಚ್ಚು ಕೇಳಿಸುತ್ತದೆಂಬ ಎಣಿಕೆಯನ್ನು ಯೇಸು ನೇರವಾಗಿ ತಳ್ಳಿಹಾಕಿದ್ದಾನೆ. ಹಗಲೆಲ್ಲ ತುಂಡುಗೆಲಸದ ಲೆಕ್ಕದಲ್ಲಿ ಬದುಕುವವರಿಗೆ ಯಾರೂ ಅಳೆಯದ ಕಾಲು ಗಂಟೆ ಸಿಗುವುದೇ ವಿಶ್ರಾಂತಿ.

ಮಳೆಗಾಗಿ ಪ್ರಾರ್ಥಿಸಿದರೂ ಮಳೆ ಬಾರದ ವರ್ಷಗಳು ಇಲ್ಲಿ ಕಡಿಮೆಯಲ್ಲ. ಆ ಮೌನಕ್ಕೂ ಕೀರ್ತನೆಗಳಲ್ಲಿ ಜಾಗವಿದೆ: ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳು, ದೂರು, ಎಷ್ಟು ಕಾಲ ಹೀಗೆ ಎಂಬ ಪ್ರಶ್ನೆ. ದೂರುವ ಹಕ್ಕನ್ನೂ ಕೊಡುವ ಪ್ರಾರ್ಥನೆಯಾದ್ದರಿಂದಲೇ ಅದು ಬರದ ವರ್ಷದಲ್ಲೂ ನಿಲ್ಲದೆ ನಡೆಯುತ್ತದೆ. ಕೊನೆಯಲ್ಲಿ ಅಕ್ಕಪಕ್ಕದ ರೋಗಿಗಳ, ಪರೀಕ್ಷೆ ಬರೆಯುವ ಮಕ್ಕಳ, ದುಡಿಯಲು ಬೆಂಗಳೂರಿಗೆ ಹೋದವರ ಹೆಸರು ಹಿಡಿದು ಬೇಡುವ ವಾಡಿಕೆಯಿದೆ. ತನ್ನ ಕಷ್ಟ ಹೇಳಿಕೊಳ್ಳಲು ಕುಳಿತವರು ಬೇರೆಯವರ ಕಷ್ಟವನ್ನೂ ನೆನೆದು ಏಳುತ್ತಾರೆ. ಮರುದಿನ ಆ ರೋಗಿಯ ಮನೆಗೆ ಹೋಗಿ ವಿಚಾರಿಸಿಕೊಂಡು ಬರುವುದೂ ಹಲವರಿಗೆ ಪ್ರಾರ್ಥನೆಯ ಭಾಗವೇ.