ಚಿಂಚೋಳಿಯ ಕಾಡಿನಲ್ಲೊಂದು ಸಂಸಾರ

ಕಲಬುರಗಿಯಿಂದ ಹೊರಟ ರೈಲು ಶಹಾಬಾದಿನ ಕಲ್ಲುಗಣಿಗಳನ್ನು ದಾಟಿ ವಾಡಿ ಜಂಕ್ಷನ್ನಿಗೆ ಬಂದು ನಿಂತಾಗ, ಈ ಸೀಮೆಯಲ್ಲಿ ಕಲ್ಲು ಸಿಮೆಂಟುಗಳಲ್ಲದೆ ಬೇರೇನೂ ಇರಲಾರದೆಂದು ಪ್ರಯಾಣಿಕನಿಗೆ ತೋರುತ್ತದೆ. ಅಲ್ಲಿ ಗಾಡಿ ಬದಲಿಸಿ, ಚಿತ್ತಾಪುರವನ್ನು ಹಾದು, ರಾಷ್ಟ್ರಕೂಟರ ಮಳಖೇಡಕ್ಕೆ ದೂರದಿಂದಲೇ ಕೈಮುಗಿದು, ಸೇಡಂನಲ್ಲಿ ಇಳಿದೆವು. ತೊಗರಿಯ ಹೊಲಗಳ ನಡುವೆ ಮೋಟಾರು ಚಿಂಚೋಳಿಯತ್ತ ಸಾಗಿದಂತೆ ಕರಿಯ ನೆಲ ಕೆಂಪಾಯಿತು. ಎದುರಿಗೆ ಹಸುರು ಗುಡ್ಡಗಳು ಎದ್ದು ನಿಂತವು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಕಾಡು ಇದು. ಚಂದ್ರಂಪಳ್ಳಿಯ ಜಲಾಶಯ ಇದರ ಮಡಿಲಲ್ಲಿದೆ.

ಸಂಜೆ ದಂಡೆಯ ಮರಗಳಲ್ಲಿ ಮುಸುವಗಳ ಹಿಂಡೊಂದು ಕಂಡಿತು. ಕರಿಯ ಮೋರೆ, ಬೂದು ಮೈ, ಮೈಗಿಂತ ಉದ್ದವಾದ ಬಾಲ. ಹುಟ್ಟಿ ಹೆಚ್ಚು ದಿನಗಳಾಗಿರದ, ಕಪ್ಪು ಕೂದಲಿನ ಮರಿಯೊಂದು ಒಂದು ಹೆಣ್ಣಿನ ತೋಳಿನಿಂದ ಮತ್ತೊಂದರ ತೋಳಿಗೆ ದಾಟುತ್ತಿತ್ತು.

“ಅಪ್ಪಾ, ಇವುಗಳಲ್ಲಿ ಅದರ ತಾಯಿ ಯಾವುದು?” ಎಂದಳು ಮಗಳು.

ನನಗೂ ತಿಳಿಯಲಿಲ್ಲ. ಮುಸುವಗಳಲ್ಲಿ ಎಳೆಗೂಸನ್ನು ಇತರ ಹೆಣ್ಣುಗಳೂ ಎತ್ತಿ ಆಡಿಸುತ್ತವೆ; ಅಷ್ಟು ಹೊತ್ತು ತಾಯಿಗೆ ನೆಮ್ಮದಿಯಾಗಿ ಮೇಯಲು ಬಿಡುವು. ಮಗಳ ಮಾತನ್ನು ಹಾರಿಸಲು, ಮೇಲಿನ ಕೊಂಬೆಯಲ್ಲಿ ಕುಳಿತಿದ್ದ ದೊಡ್ಡ ಗಂಡನ್ನು ತೋರಿಸಿ, “ಅಗೋ, ಮನೆಯ ಯಜಮಾನ!” ಎಂದೆ.

ದಾರಿ ತೋರಲು ಬಂದಿದ್ದ ಮುದುಕ ನಕ್ಕ. “ಗಂಡು ಇವತ್ತ ಅದ, ನಾಳಿಗಿ ಹೋಗ್ತದ್ರಿ ಸಾಹೇಬ್ರ. ಹಿಂಡು ಅಂದ್ರ ಹೆಣ್ಣುಗಳದೇ ಅದ.”

ಮುದುಕನ ಮಾತು ದಿಟ. ಮುಸುವಗಳ ಸಂಸಾರದ ಗುಟ್ಟು ವಿದ್ವಾಂಸರ ಕಣ್ಣಿಗೆ ಬಿದ್ದದ್ದೂ ನಮ್ಮ ಕರ್ನಾಟಕದಲ್ಲಿಯೇ. ಜಪಾನಿನ ಯುಕಿಮಾರು ಸುಗಿಯಾಮ ಅವರು 1961ರಲ್ಲಿ ಧಾರವಾಡಕ್ಕೆ ಬಂದು, ಅಲ್ಲಿನ ಕಾಡಿನ ಮುಸುವಗಳ ಬೆನ್ನು ಹತ್ತಿದರು. ಹಿಂಡಿನಲ್ಲಿ ಬಹುಮಟ್ಟಿಗೆ ಒಂದೇ ಪ್ರೌಢ ಗಂಡು. ಉಳಿದವು ಹೆಣ್ಣುಗಳು, ಮರಿಗಳು. ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲಿಯೇ ತಾಯಿ, ಮಗಳು, ಅಕ್ಕತಂಗಿಯರಾಗಿ ಬಾಳುತ್ತವೆ. ಗಂಡುಗಳು ಬೆಳೆದಂತೆ ಹೊರಬಿದ್ದು ತಮ್ಮದೇ ದಂಡು ಕಟ್ಟಿಕೊಂಡು ಅಲೆಯುತ್ತವೆ. 1962ರಲ್ಲಿ ಅಂತಹ ದಂಡೊಂದು ಹಿಂಡಿನ ಮೇಲೆ ಬಿದ್ದು ಹಳೆಯ ಗಂಡನ್ನು ಅಟ್ಟಿತು. ಕೊನೆಗೆ ಗೆದ್ದು ಉಳಿದ ಹೊಸ ಗಂಡು ಹಾಲುಮರಿಗಳನ್ನು ಒಂದೊಂದಾಗಿ ಕಚ್ಚಿತು. ಅವು ಉಳಿಯಲಿಲ್ಲ.

ಹಲವು ವಿದ್ವಾಂಸರು ಇದನ್ನು ವಿಕೃತಿಯೆಂದೇ ಬಗೆದರು. 1971ರಿಂದ ಆಬು ಬೆಟ್ಟದಲ್ಲಿ ಅಧ್ಯಯನ ನಡೆಸಿದ ಅಮೆರಿಕದ ಸಾರಾ ಹರ್ಡಿ ಕಾರಣವನ್ನು ಸೂಚಿಸಿದರು: ಹಾಲೂಡುವ ಹೆಣ್ಣು ಬೇಗ ಬಸಿರಾಗದು, ಗಂಡಿನ ಆಳಿಕೆಯೋ ಕೆಲವೇ ವರ್ಷಗಳದು. ಪರರ ಮರಿ ಸತ್ತರೆ ತನ್ನ ಸಂತಾನಕ್ಕೆ ದಾರಿ. ಆದರೆ ಹೆಣ್ಣುಗಳು ಕೈಕಟ್ಟಿ ಕೂರುವುದಿಲ್ಲ. ತಾಯಿಯಷ್ಟೇ ಅಲ್ಲ, ಹೆರುವ ವಯಸ್ಸು ದಾಟಿದ ಮುದಿ ಹೆಣ್ಣುಗಳೂ ಆ ಬಲಶಾಲಿಯ ಮೇಲೆ ಎರಗುವುದನ್ನು ಹರ್ಡಿ ಕಂಡರು.

ಇದನ್ನೆಲ್ಲ ಮಗಳಿಗೆ ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿದ್ದಾಗಲೇ ಹೊತ್ತು ಮುಳುಗಿತು. ಮರಿ ಕಿರುಗುಟ್ಟಿತು. ದೂರದ ಕೊಂಬೆಯಿಂದ ಹೆಣ್ಣೊಂದು ಸರಸರನೆ ಇಳಿದು ಬಂದು ಅದನ್ನು ಸೆಳೆದು ಎದೆಗವಚಿಕೊಂಡಿತು.

“ಗೊತ್ತಾಯಿತು, ಇದೇ ತಾಯಿ!” ಎಂದು ಮಗಳು ಕುಣಿದಳು.

ನಾನು ಮೇಲೆ ಕುಳಿತಿದ್ದ ಗಂಡನ್ನು ನೋಡಿದೆ. ಆ ಮರಿ ಹಾಲು ಬಿಡುವವರೆಗಾದರೂ ಅದು ಅಲ್ಲಿಯೇ ಇರಲೆಂದು ಮನಸ್ಸಿನಲ್ಲಿಯೇ ಹಾರೈಸಿದೆ.