ಮೇಷ್ಟ್ರಿಗೆ ಪಿನ್‌ಬಾಲ್ ಪಾಠ

ಜಾತ್ರೆಯಲ್ಲಿ ಮಾರುವ ಮೊಳೆ ಹಲಗೆಯ ಆಟ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸ್ಪ್ರಿಂಗ್ ಎಳೆದು ಬಿಟ್ಟರೆ ಗೋಲಿ ಮೇಲಕ್ಕೆ ಚಿಮ್ಮಿ, ಮೊಳೆಗಳ ನಡುವೆ ತಡವರಿಸುತ್ತಾ ಇಳಿದು ಯಾವುದೋ ಅಂಕದ ಗೂಡಿಗೆ ಬೀಳುತ್ತದೆ. ಇದೇ ಆಟವನ್ನು ಮಂಚದಷ್ಟು ದೊಡ್ಡದು ಮಾಡಿ, ನಾಲ್ಕು ಕಾಲು, ಗಾಜಿನ ಮುಚ್ಚಳ, ಬಣ್ಣದ ದೀಪ, ಗಂಟೆಗಳನ್ನು ಸೇರಿಸಿದರೆ ಅದೇ ಪಿನ್‌ಬಾಲ್ ಯಂತ್ರ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಷಿಕಾಗೋ ಬಳಿಯ ಮಗಳ ಮನೆಗೆ ಹೋಗಿದ್ದಾಗ ಅಂಥದೊಂದು ಕೆಟ್ಟು ಕೂತ ಯಂತ್ರ ನನ್ನ ಕೈಗೆ ಸಿಕ್ಕಿತು. ಪಕ್ಕದ ಮನೆಯ ಹಿರಿಯರೊಬ್ಬರಿಗೆ ಹಳೆಯ ಯಂತ್ರಗಳನ್ನು ದುರಸ್ತಿ ಮಾಡುವ ಗೀಳು. ನಾನು ವಿಜ್ಞಾನದ ಮೇಷ್ಟ್ರು ಎಂದು ಮಗಳು ಹೇಳಿದ್ದೇ ತಡ, "ಹಾಗಾದರೆ ಇದು ನಿಮಗೇ" ಎಂದು ಗ್ಯಾರೇಜಿಗೆ ಕರೆದೊಯ್ದರು. 1970ರ ದಶಕದ ಯಂತ್ರ. ತಯಾರಾದದ್ದು ಷಿಕಾಗೋದಲ್ಲೇ.

ಷಿಕಾಗೋ ಈ ಆಟದ ತವರು. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್ ಕಂಪೆನಿಗಳೆಲ್ಲ ಅಲ್ಲಿಯವೇ. ಮೊದಮೊದಲು ಚೆಂಡು ಬಿಟ್ಟ ಮೇಲೆ ಆಟಗಾರನಿಗೆ ಹೆಚ್ಚಿನ ಕೆಲಸವಿರಲಿಲ್ಲ. ಇದು ಜೂಜೇ ಎಂದು ನ್ಯೂಯಾರ್ಕ್ ನಗರ 1942ರಲ್ಲಿ ನಿಷೇಧ ಹೇರಿತು. ಅದು ತೆರವಾದದ್ದು 1976ರಲ್ಲಿ. ಈ ನಡುವೆ, 1947ರಲ್ಲಿ, ಗಾಟ್ಲೀಬ್ ಕಂಪೆನಿಯ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ ಗುಂಡಿ ಒತ್ತಿದರೆ ಚೆಂಡನ್ನು ಹಿಂದಕ್ಕೆ ಬಡಿಯುವ ಪುಟ್ಟ ಕೈಗಳು ಬಂದವು. ಅವೇ ಫ್ಲಿಪ್ಪರ್‌ಗಳು. ಅದೃಷ್ಟದ ಆಟಕ್ಕೆ ಚಾಕಚಕ್ಯತೆಯೂ ಸೇರಿತು.

ಹಲಗೆ ಎತ್ತಿ ನೋಡಿದೆ. ಎದೆ ಝಲ್ಲೆಂದಿತು. ಬಣ್ಣಬಣ್ಣದ ಬಟ್ಟೆ ಸುತ್ತಿದ ನೂರಾರು ತಂತಿಗಳು, ಸಾಲುಸಾಲು ರಿಲೇಗಳು, ಹಲ್ಲಿನ ಚಕ್ರಗಳು. ಹುಡುಕಿದರೂ ಒಂದು ಚಿಪ್ಪಿಲ್ಲ. ಅಂಕ ಕೂಡಿಸುವುದು, ಎಷ್ಟನೆಯ ಚೆಂಡು ಎಂದು ನೆನಪಿಡುವುದು, ಎಲ್ಲವೂ ವಿದ್ಯುತ್ಕಾಂತ ಮತ್ತು ಸ್ವಿಚ್ಚುಗಳ ಕೆಲಸ. ಎರಡು ಸ್ವಿಚ್ಚು ಸರಣಿಯಲ್ಲಿದ್ದರೆ 'ಇದೂ ಅದೂ ಆದರೆ', ಸಮಾಂತರದಲ್ಲಿದ್ದರೆ 'ಇದು ಇಲ್ಲವೆ ಅದು ಆದರೆ'. ವರ್ಷವರ್ಷವೂ ಬೋರ್ಡಿನ ಮೇಲೆ ನಾನು ಬರೆಯುತ್ತಿದ್ದ ಚಿತ್ರವೇ ಅಲ್ಲಿ ಯೋಚನೆ ಮಾಡುತ್ತಿತ್ತು!

ಫ್ಲಿಪ್ಪರಿನ ಸುರುಳಿಯಂತೂ ಓಮ್‌ನ ನಿಯಮಕ್ಕೇ ಒಂದು ಪಾಠ. ಸುಮಾರು 80 ಗ್ರಾಂ ತೂಕದ ಉಕ್ಕಿನ ಚೆಂಡನ್ನು ಬಡಿದಟ್ಟಲು ಕ್ಷಣಮಾತ್ರ ಭಾರಿ ವಿದ್ಯುತ್ತು ಬೇಕು. ಆದರೆ ಆಟಗಾರ ಗುಂಡಿ ಒತ್ತಿಯೇ ಹಿಡಿದರೆ ಸುರುಳಿ ಸುಟ್ಟೀತು. ಅದಕ್ಕೇ ದಪ್ಪ ತಂತಿಯ ಸುತ್ತಿನ ಜೊತೆಗೆ, ಹೆಚ್ಚು ರೋಧವಿರುವ ತೆಳು ತಂತಿಯ ಇನ್ನೊಂದು ಸುತ್ತು. ಮೊದಲು ದಪ್ಪ ಸುತ್ತು ಮಾತ್ರ ಎಳೆಯುತ್ತದೆ. ಫ್ಲಿಪ್ಪರ್ ಪೂರ್ತಿ ಏಳುತ್ತಿದ್ದಂತೆ ತಾನೇ ಒಂದು ಸ್ವಿಚ್ಚನ್ನು ತೆರೆದು, ತೆಳು ಸುತ್ತನ್ನೂ ಸರಣಿಗೆ ಸೇರಿಸುತ್ತದೆ. ವಿದ್ಯುತ್ತು ಇಳಿಯುತ್ತದೆ, ಎತ್ತಿ ಹಿಡಿಯಲು ಅಷ್ಟು ಸಾಕು.

ಇನ್ನು ರೋಗ. ಆಟ ಶುರು ಮಾಡಿದರೆ ಮೋಟಾರು ಗುರ್ರೆಂದು ತಿರುಗುತ್ತಲೇ ಇರುತ್ತಿತ್ತು. ಅಂಕದ ಚಕ್ರಗಳೆಲ್ಲ ಸೊನ್ನೆಗೆ ಬಂದರೆ ಮಾತ್ರ ಅದು ನಿಲ್ಲಬೇಕು. ಹತ್ತರ ಸ್ಥಾನದ ಚಕ್ರ 7ರಲ್ಲೇ ಕೂತಿತ್ತು. ತುಕ್ಕು ಹಿಡಿದಿರಬೇಕೆಂದು, ಆ ಹಿರಿಯರು ಕಾಫಿ ತರಲು ಹೋದಾಗ, ಹೊಲಿಗೆ ಯಂತ್ರದ ಎಣ್ಣೆಯನ್ನು ಧಾರಾಳವಾಗಿ ಬಿಟ್ಟೆ. ಅನುಮಾನ ಬಂದ ಎರಡು ಸ್ವಿಚ್ಚಿನ ಪಟ್ಟಿಗಳನ್ನೂ ಬಗ್ಗಿಸಿದೆ. ಚಕ್ರ ಅಲುಗಲಿಲ್ಲ. ಈ ಯಂತ್ರಕ್ಕೆ ಎಣ್ಣೆಯೇ ಶತ್ರು, ಅದು ಧೂಳು ಹಿಡಿದು ಅಂಟಾಗುತ್ತದೆ ಎಂದು ಆಮೇಲೆ ತಿಳಿಯಿತು. ಅದನ್ನು ಸ್ಪಿರಿಟ್ಟಿನಿಂದ ಒರೆಸಿ, ಬಗ್ಗಿಸಿದ್ದನ್ನು ಸರಿಪಡಿಸುವುದರಲ್ಲಿ ಅರ್ಧ ದಿನ ಹೋಯಿತು.

ಹಿರಿಯರು ಬೈಯಲಿಲ್ಲ. ಪ್ಲಗ್ ಕಿತ್ತು, ಆ ಚಕ್ರದ ಕಬ್ಬಿಣದ ದಂಡವನ್ನು ಬೆರಳಿನಿಂದ ಒತ್ತಿ ಬಿಟ್ಟರು. ಚಕ್ರ ಸಲೀಸಾಗಿ 8ಕ್ಕೆ ಹೋಯಿತು. ಅಂದರೆ ಚಕ್ರದಲ್ಲಿ ದೋಷವೇ ಇಲ್ಲ. ಅದಕ್ಕೆ ವಿದ್ಯುತ್ತು ತಲುಪುತ್ತಿಲ್ಲ! ನಕ್ಷೆಯ ಮೇಲೆ ಬೆರಳಿಟ್ಟು ತಂತಿಯ ಜಾಡು ಹಿಡಿದು ಹೋದೆವು. ಕೊನೆಗೆ ಒಂದು ರಿಲೇ. ಅದರ ಪಟ್ಟಿಗಳು ಮುಚ್ಚಿದ್ದರೂ ಸೊನ್ನೆಯ ಹತ್ತಿರವಿರಬೇಕಾದ ರೋಧ ಮೀಟರಿನಲ್ಲಿ ಹಾರಾಡುತ್ತಿತ್ತು. ಹಿರಿಯರು ಬಿಳಿ ಕಾಗದದ ಪಟ್ಟಿಯೊಂದನ್ನು ಕಾಂಟ್ಯಾಕ್ಟಿನ ನಡುವೆ ಇಟ್ಟು ಮೆಲ್ಲಗೆ ಎಳೆದರು. ಕಾಗದದ ಮೇಲೆ ಕಪ್ಪು ಗೆರೆ. ನಾಲ್ಕೈದು ಸಲ ಎಳೆದ ಮೇಲೆ ಗೆರೆ ಮಾಸಿತು. ಪ್ಲಗ್ ಹಾಕಿದಾಗ ಚಕ್ರ ಟಕಟಕನೆ ಸೊನ್ನೆಗೆ ಬಂತು, ಮೋಟಾರು ನಿಂತಿತು, ಚೆಂಡು ಉರುಳಿ ಬಂತು.

ಅವರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ಕಪ್ಪು ಗೆರೆ ನೋಡಿ ಬೇರೊಂದು ನೆನಪು ಒತ್ತಿ ಬಂತು.

ಇಪ್ಪತ್ತು ವರ್ಷದ ಹಿಂದಿನ ಮಾತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪ್ರಯೋಗಾಲಯದ ಕೆಟ್ಟ ವಿದ್ಯುತ್ ಗಂಟೆಯನ್ನು ಊಟದ ಬಿಡುವಿನಲ್ಲಿ ಬಿಚ್ಚಿಹಾಕಿದ್ದ. "ಸಾರ್, ಕಾಂಟ್ಯಾಕ್ಟಿನಲ್ಲಿ ಕೊಳೆ ಕೂತಿದೆ, ಅಷ್ಟೇ" ಎಂದ. "ನಿನಗೆ ಬಹಳ ಗೊತ್ತು!" ಎಂದು ಎರಡು ಬಿಗಿದೆ. ಅವನ ತಂದೆಯನ್ನು ಕರೆಸಿ ಗಂಟೆಯ ಬೆಲೆ ಕಟ್ಟಿಸಿದೆ. ಕೂಲಿ ಮಾಡುವ ಆ ಮನುಷ್ಯ ಎರಡು ಕಂತಿನಲ್ಲಿ ಕೊಟ್ಟ. ಹುಡುಗ ಮತ್ತೆಂದೂ ಪ್ರಯೋಗಾಲಯದಲ್ಲಿ ಏನನ್ನೂ ಮುಟ್ಟಲಿಲ್ಲ. ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ.

ಊರಿಗೆ ಬಂದವನೇ ಕಪಾಟಿನ ತಳದಿಂದ ಆ ಗಂಟೆಯನ್ನು ಹೊರತೆಗೆದೆ. ಬಿಚ್ಚಿದ ತುಂಡುಗಳು ಹಾಳೆಯೊಂದರಲ್ಲಿ ಹಾಗೇ ಇದ್ದವು. ಒಂದೂ ಕಳೆದಿರಲಿಲ್ಲ, ಅಷ್ಟು ಜೋಪಾನವಾಗಿ ಬಿಚ್ಚಿದ್ದ. ಜೋಡಿಸಿ, ಕಾಂಟ್ಯಾಕ್ಟಿನಲ್ಲಿ ಕಾಗದ ಎಳೆದೆ. ಕಪ್ಪು ಗೆರೆ. ಬ್ಯಾಟರಿ ಮುಟ್ಟಿಸಿದೆ. ಗಂಟೆ ಹೊಡೆಯಿತು.

ಈಗ ಆ ಗಂಟೆ ಮೇಜಿನ ಮೇಲೇ ಇರುತ್ತದೆ. ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್, ಸ್ವಲ್ಪ ಬಿಳಿ ಕಾಗದ. ಮನೆಯ ಕರೆಂಟಿನ ತಂಟೆಗೆ ಹೋಗಬೇಡಿ, ಬ್ಯಾಟರಿಯದನ್ನು ಎಷ್ಟು ಬೇಕಾದರೂ ಬಿಚ್ಚಿ ಎಂದು ಮಕ್ಕಳಿಗೆ ಹೇಳಿದ್ದೇನೆ. ಆ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಇದನ್ನು ಓದಿದರೆ ಒಮ್ಮೆ ಶಾಲೆಗೆ ಬರಲಿ. ಅವನ ತಂದೆ ಕಟ್ಟಿದ ಹಣ ನನ್ನ ಮೇಲೆ ಸಾಲವಾಗಿ ನಿಂತಿದೆ.