ಫಾರಂನಲ್ಲಿ ಜಾಗವಿಲ್ಲದ ವಿದ್ಯೆ

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಸಮಾಜಕಾರ್ಯ ಓದುತ್ತಿದ್ದ ಇಬ್ಬರು ಹುಡುಗರು ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಹೆಂಗಸರ ಸಮೀಕ್ಷೆಗೆ ಬಂದಿದ್ದರು. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು, ಹೆಂಗಸರ ಮಾತು ದಖನಿ. ಉರ್ದು, ಕನ್ನಡ ಎರಡೂ ಕಲಿತ ನಾವು ದುಭಾಷಿಯಾದೆವು.

ಮೊದಲ ಮನೆ ನಮ್ಮ ಖಾಲಾರದೇ. ‘ಶಿಕ್ಷಣ?’ ಶಾಲೆಗೆ ಹೋಗಿಲ್ಲ ಎಂದರು. ‘ಅನಕ್ಷರಸ್ಥೆ’ ಎಂದು ಬರೆಸಿದೆವು. ‘ಕೌಶಲ?’ ‘ನನಗೇನು ಬರುತ್ತೆ ಬೇಟಾ, ನೂಲು ಬಿಚ್ಚುತ್ತೇನೆ ಅಷ್ಟೆ’ ಎಂದರು. ‘ಇಲ್ಲ’ ಎಂಬಲ್ಲಿ ಗುರುತು ಹಾಕಿಸಿದೆವು. ಕಾಲು ಗಂಟೆಯಲ್ಲಿ ಫಾರಂ ತುಂಬಿತು.

ಬಾಲ್ಯದಲ್ಲಿ ನಮಗೆ ಕುರ್‌ಆನ್ ಓದಲು ಕಲಿಸಿದವರು ಇದೇ ಖಾಲಾ. ಗೂಡನ್ನು ಕಿವಿಯ ಬಳಿ ಅಲುಗಾಡಿಸಿ, ಸದ್ದು ಬರದಿದ್ದರೆ ಹುಳು ಒಳಗೇ ಕೊಳೆತು ಅಂಟಿದೆ ಎನ್ನುತ್ತಿದ್ದರು. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿಯನ್ನು ಬೆರಳಿನಲ್ಲೇ ಹುಡುಕುತ್ತಿದ್ದರು. ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕೆಂಬ ಲೆಕ್ಕಕ್ಕೆ ರೀಲರ್‌ಗಳು ‘ರೆಂಡಿಟ್ಟಾ’ ಎನ್ನುತ್ತಾರೆ. ನಾಲ್ಕು ಗೂಡು ಬಿಚ್ಚುವಷ್ಟರಲ್ಲಿ ಇದು ಏಳಕ್ಕೆ ಬರುತ್ತೆ, ಇದು ಎಂಟು ದಾಟುತ್ತೆ ಎಂದು ಖಾಲಾ ಹೇಳಿಬಿಡುತ್ತಿದ್ದರು. ಮರುದಿನ ಮಾರುಕಟ್ಟೆಯಲ್ಲಿ ಅಂಥ ಗೂಡಿಗೆ ಎಷ್ಟು ಕೂಗಬೇಕೆಂದು ಖಾಲೂ ಅದನ್ನು ನಂಬಿಯೇ ನಿರ್ಧರಿಸುತ್ತಿದ್ದರು.

ನಮ್ಮ ದೇಶದಲ್ಲಿ ಸಮಾಜಕಾರ್ಯದ ಕಾಲೇಜು ಶಿಕ್ಷಣ ಶುರುವಾದದ್ದು 1936ರಲ್ಲಿ, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ. ಅದರ ಮೊದಲ ನಿರ್ದೇಶಕ ಅಮೆರಿಕದ ಮಿಶನರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್. ಪಾಠಕ್ರಮದ ಅಚ್ಚೂ ಬಹುಮಟ್ಟಿಗೆ ಅಲ್ಲಿಯದೇ. ನ್ಯೂಜಿಲೆಂಡಿನ ಮಾವೊರಿ ವಿದುಷಿ ಲಿಂಡಾ ತುಹಿವಾಯಿ ಸ್ಮಿತ್ 1999ರಲ್ಲಿ ಪುಸ್ತಕ ಬರೆದು, ಸಂಶೋಧನೆಯೂ ವಸಾಹತುಶಾಹಿಯ ಆಯುಧವಾದ ಬಗೆಯನ್ನು ತೋರಿಸಿದರು. ಸಂಶೋಧನೆ ಯಾರದು, ಅದರ ಲಾಭ ಯಾರಿಗೆ ಎಂದು ಕೇಳಿದರು.

ಆದರೆ ತಪ್ಪನ್ನೆಲ್ಲ ಅಮೆರಿಕದ ತಲೆಗೆ ಕಟ್ಟಿ ನಾವು ಪಾರಾಗಲಾರೆವು. ‘ಅನಕ್ಷರಸ್ಥೆ’ ಎಂದದ್ದು ನಮ್ಮದೇ ಬಾಯಿ. ಖಾಲಾ ಓದುತ್ತಿದ್ದ ಲಿಪಿ ನಮ್ಮ ಲೆಕ್ಕಕ್ಕೂ ಬಂದಿರಲಿಲ್ಲ.

ಹಾಗೆಂದು ಅವರ ವಿದ್ಯೆಯನ್ನು ಹೊಗಳಿ ಕೂತರೂ ಸಾಲದು. ಬಿಸಿನೀರಿಗೆ ಅವರ ಬೆರಳುಗಳು ಬೆಂದು ಬಿಳಿಚಿದ್ದವು. ಒಲೆಯ ಹೊಗೆಗೆ ಕೆಮ್ಮು ಬಿಡುತ್ತಿರಲಿಲ್ಲ. ವಿದ್ಯೆಯೂ ನೋವೂ ಒಂದೇ ಕೈಯಲ್ಲಿದ್ದವು. ಆ ಫಾರಂನಲ್ಲಿ ಎರಡಕ್ಕೂ ಜಾಗವಿರಲಿಲ್ಲ.

ಹುಡುಗರು ಎದ್ದಾಗ ಖಾಲಾ ಕೇಳಿದ್ದರು: ‘ಇಷ್ಟೆಲ್ಲ ಬರೆದುಕೊಂಡರಲ್ಲ, ನೀರು ಎಷ್ಟು ಬಿಸಿಯಿದ್ದರೆ ಕೈ ಸುಡದೆ ಎಳೆ ಸಿಗುತ್ತೆ ಅಂತ ಇವರ ಕಾಲೇಜಲ್ಲಿ ಯಾರಿಗಾದರೂ ಗೊತ್ತಾ ಬೇಟಾ?’

ಆ ಪ್ರಶ್ನೆಯನ್ನು ನಾವು ಹುಡುಗರಿಗೆ ಅನುವಾದಿಸಲಿಲ್ಲ. ನಕ್ಕು ಸುಮ್ಮನಾದೆವು. ಖಾಲಾ ಈಗಿಲ್ಲ. ಇಂದು ಸಮೀಕ್ಷೆಗೆಂದು ಯಾರೇ ನಮ್ಮನ್ನು ಕರೆದರೂ, ಫಾರಂ ಬಿಚ್ಚುವ ಮೊದಲು ಅವರಿಗೆ ಆ ಪ್ರಶ್ನೆಯನ್ನೇ ಹೇಳುತ್ತೇವೆ.